ಕಾಫಿ ಯಂತ್ರ ಕೊಳ್ಳುವ ಮುನ್ನ ಕಣದ ಕಡೆ ನೋಡಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಿಗೆ ಕಾಫಿ ಹೊಸ ಬೆಳೆಯೇನೂ ಅಲ್ಲ. ಬಾಳೆ, ಏಲಕ್ಕಿ, ಕಾಳುಮೆಣಸಿನ ಜೊತೆಗೆ ನಾಲ್ಕಾರು ಕಾಫಿ ಗಿಡಗಳು ಹಿಂದಿನಿಂದಲೂ ಇದ್ದವು. ಎಲೆಚುಕ್ಕೆ ರೋಗ ಅಡಿಕೆಯನ್ನು ಕಾಡತೊಡಗಿದ ಮೇಲೆ, ಅದರಲ್ಲೂ 2024ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ, ಅಡಿಕೆಯ ನಡುವೆ ಕಾಫಿ ನೆಡಬೇಕೆಂಬ ಉತ್ಸಾಹ ರೈತರಲ್ಲಿ ಹೆಚ್ಚಿದೆ. ಇದೇ ಮನೆಗಳಲ್ಲಿ ವಿದ್ಯುತ್ ಕಾಫಿ ಯಂತ್ರಗಳೂ ಕಾಣಿಸಿಕೊಳ್ಳುತ್ತಿವೆ. ಹೆಚ್ಚಾಗಿ ಬೆಂಗಳೂರಿನಲ್ಲಿರುವ ಮಗನೋ ಮಗಳೋ ತಂದುಕೊಟ್ಟವು. ಇಷ್ಟು ಬೆಲೆ ತೆತ್ತರೂ ಕಾಫಿ ಯಾಕೆ ರುಚಿಸುವುದಿಲ್ಲ ಎಂಬುದು ಅನೇಕರ ಪ್ರಶ್ನೆ.

ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ತೋಟದ ಹಣ್ಣನ್ನು ವ್ಯಾಪಾರಿಗೆ ಅಳೆದು ಕೊಟ್ಟು, ಪೇಟೆಯಿಂದ ಚಿಕೋರಿ ಬೆರೆತ ಪುಡಿ ತಂದು ಅದಕ್ಕೆ ತುಂಬುತ್ತೇವೆ. ನಮ್ಮ ದೇಶದ ನಿಯಮದಂತೆ ಇಂಥ ಮಿಶ್ರಣದಲ್ಲಿ ಶೇ. 51ರಷ್ಟು ಕಾಫಿ ಇದ್ದರೆ ಸಾಕು. ಚಿಕೋರಿ ಎಂಬುದು ಹುರಿದು ಪುಡಿ ಮಾಡಿದ ಒಂದು ಬೇರು. ಅದು ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಕಾಫಿಯ ಪರಿಮಳ ಕೊಡುವುದಿಲ್ಲ. ಯಂತ್ರದ ಸಣ್ಣ ಜಾಲರಿಯಲ್ಲಿ ಅಂಟಿಕೊಂಡು ನೀರನ್ನೂ ತಡೆಯುತ್ತದೆ.

ಕಾಫಿ ಬೆಳೆಯುವವನು ತನ್ನ ಗಿಡದ ಕಾಫಿಯನ್ನೇ ಕುಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಇದು ನಾಲ್ಕು ಕಾಸು ಉಳಿಸುವ ಮಾತಲ್ಲ. ತನ್ನ ಸರಕಿನ ರುಚಿ ತಿಳಿಯದವನು ವ್ಯಾಪಾರಿ ಹೇಳಿದ ದೋಷವನ್ನೂ ದರವನ್ನೂ ಒಪ್ಪಿಕೊಳ್ಳಲೇಬೇಕಾಗುತ್ತದೆ. ಅಡಿಕೆಯಲ್ಲಿ ಹೀಗಾಗುವುದಿಲ್ಲ, ರಾಶಿ, ಬೆಟ್ಟೆ, ಸರಕುಗಳ ವ್ಯತ್ಯಾಸ ನಮ್ಮ ರೈತರಿಗೆ ಕಣ್ಣಳತೆಯಲ್ಲೇ ಗೊತ್ತು. ಕಾಫಿಯ ಮಟ್ಟಿಗೆ ಈ ತಿಳಿವಳಿಕೆ ಬೆಳೆಯದಿರಲು ಚರಿತ್ರೆಯ ಕಾರಣವೂ ಇದೆ. 1942ರ ಕಾಫಿ ಕಾಯಿದೆ ಬಂದ ಮೇಲೆ ದಶಕಗಳ ಕಾಲ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. ಯಾರ ತೋಟದ ಕಾಫಿ ಯಾರ ಲೋಟಕ್ಕೆ ಸೇರಿತೆಂದು ತಿಳಿಯುವಂತಿರಲಿಲ್ಲ. 1996ರ ಹೊತ್ತಿಗೆ ಮಾರಾಟ ಪೂರ್ಣ ಮುಕ್ತವಾಯಿತು. ಆದರೂ ರುಚಿ ನೋಡುವ ಅಭ್ಯಾಸ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ರುಚಿ ಕೆಡುವುದು ಬಹುಪಾಲು ಕೊಯ್ಲಿನಲ್ಲಿ ಮತ್ತು ಕಣದಲ್ಲಿ. ರೊಬಸ್ಟಾ ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹಣ್ಣಾಗುತ್ತದೆ. ಆಳಿನ ಅಭಾವವೆಂದು ಕಾಯಿ, ದೋರುಗಾಯಿ, ಹಣ್ಣು ಎಲ್ಲವನ್ನೂ ಒಂದೇ ಸಲಕ್ಕೆ ಸವರಿ ಕೊಯ್ಯುವವರಿದ್ದಾರೆ. ಹಸಿರು ಕಾಯಿಯ ಬೀಜ ಎಷ್ಟು ಹುರಿದರೂ ಒಗರನ್ನು ಬಿಡದು. ಕೊಯ್ದ ಹಣ್ಣನ್ನು ಚೀಲದಲ್ಲಿ ಒಂದು ರಾತ್ರಿ ಬಿಟ್ಟರೂ ಕಾವು ಹಿಡಿದು ಹುಳಿ ವಾಸನೆ ಬರುತ್ತದೆ. ಅಂದೇ ಹರಡಬೇಕು.

ಹರಡುವುದಾದರೂ ಎಲ್ಲಿ? ಬೇಯಿಸಿದ ಅಡಿಕೆ ಹರಡಿದ್ದ ಕಣದಲ್ಲೇ, ಚೊಗರಿನ ಕಲೆ ಆರುವ ಮೊದಲೇ ಕಾಫಿ ಸುರಿಯುವುದನ್ನು ನೋಡಿದ್ದೇನೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬಹು ಬೇಗ ಹೀರಿಕೊಳ್ಳುತ್ತದೆ. ಮಣ್ಣಿನ ನೆಲವಾದರೆ ಬೂಷ್ಟು ಬೇರೆ. ಬೂಷ್ಟಿನಿಂದ ಬರುವ ಆಕ್ರಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಿಮೆಂಟ್ ಕಣವನ್ನು ತೊಳೆದು ಒಣಗಿಸಿ, ಇಲ್ಲವೇ ಶುಚಿಯಾದ ಟಾರ್ಪಾಲಿನ ಮೇಲೆ, ಹಣ್ಣನ್ನು ಮೂರು ಅಂಗುಲಕ್ಕಿಂತ ದಪ್ಪವಾಗದಂತೆ ಹರಡಿ ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮುನ್ನ ರಾಶಿ ಮಾಡಿ ಮುಚ್ಚಬೇಕು. ಒಳ್ಳೆಯ ಬಿಸಿಲಿದ್ದರೆ ಹನ್ನೆರಡರಿಂದ ಹದಿನೈದು ದಿನ ಬೇಕು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಸದ್ದು ಬಂದರೆ ಒಣಗಿದೆ ಎಂದರ್ಥ. ಆಗ ರೊಬಸ್ಟಾದಲ್ಲಿ ತೇವಾಂಶ ಶೇ. 11ರಷ್ಟಿರಬೇಕು.

ಮಂಗಳೂರಿನ ಕಡೆ ಮಳೆಗಾಲದ ಗಾಳಿಗೆ ಕಾಫಿಯನ್ನು ತಿಂಗಳುಗಟ್ಟಲೆ ಬೇಕೆಂದೇ ಒಡ್ಡಿ ‘ಮಾನ್ಸೂನ್ಡ್’ ಕಾಫಿ ಮಾಡುತ್ತಾರಲ್ಲ ಎಂದು ಕೇಳಬಹುದು. ಅದು ದಿನವೂ ಕೆದಕಿ, ಗಾಳಿಯಾಡಿಸಿ, ಆರಿಸಿ ಮಾಡುವ ಕಸುಬು. ಆಗುಂಬೆಯ ಮಳೆಯಲ್ಲಿ ಅಟ್ಟದ ಮೇಲೆ ಗೊಬ್ಬರದ ಚೀಲದ ಪಕ್ಕ ಮೆತ್ತಗಾದ ಕಾಫಿಗೆ ಆ ಹೆಸರು ಸಲ್ಲದು!

ಮುಂದಿನದು ಸುಲಭ. ಸುಮಾರು ಐದು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಸಿಗುತ್ತದೆ. ಮನೆಮಟ್ಟಿಗೆ ಒರಳಿನಲ್ಲಿ ಕುಟ್ಟಿ ಮೊರದಲ್ಲಿ ಕೇರಿದರಾಯಿತು. ಕಪ್ಪು ಬೀಜ, ತೂತು ಬಿದ್ದ ಬೀಜಗಳನ್ನು ಆರಿಸಿ ತೆಗೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಹದವಾದ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಬೀಜ ಪಟಪಟ ಸಿಡಿದು ನಿಂತ ಸ್ವಲ್ಪ ಹೊತ್ತಿಗೆ, ಎಣ್ಣೆ ಮೇಲೇಳುವ ಮುನ್ನ, ಇಳಿಸಿ ಮೊರಕ್ಕೆ ಸುರಿದು ಕೂಡಲೇ ಆರಿಸಬೇಕು. ಕರ್ರಗೆ ಹುರಿದರೆ ಯಾವ ತೋಟದ ಕಾಫಿಯೂ ಒಂದೇ, ಬರೀ ಇದ್ದಿಲಿನ ಕಹಿ. ಒಂದು ದಿನ ಬಿಟ್ಟು, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಯಂತ್ರದ ಮಾತು. ಅಗ್ಗದ ಯಂತ್ರಗಳಲ್ಲಿ ಅನೇಕವು ಬರಿಯ ಹಬೆಯ ಒತ್ತಡದವು. ನೀರು ಅತಿಯಾಗಿ ಕಾದು ಪುಡಿಯನ್ನು ಸುಡುತ್ತದೆ. ಪಂಪು ಇರುವ ಎಸ್ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ 18 ಗ್ರಾಂ ಪುಡಿಯಿಂದ 25-30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ಡಿಕಾಕ್ಷನ್ ಇಳಿಸಬೇಕು. ಹತ್ತೇ ಸೆಕೆಂಡಿಗೆ ಸುರಿದುಹೋದರೆ ಪುಡಿ ತರಿಯಾಗಿದೆ. ತೊಟ್ಟಿಕ್ಕುತ್ತಾ ನಿಂತರೆ ಅತಿ ನುಣುಪಾಗಿದೆ. ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ಒಳಗೆ ಸುಣ್ಣ ಕಟ್ಟುವ ಭಯ ಕಡಿಮೆ. ಕರೆಂಟಿನ ಭರವಸೆಯನ್ನು ಮಾತ್ರ ಮಳೆಗಾಲದಲ್ಲಿ ಯಾರೂ ಕೊಡಲಾರರು. ನನ್ನನ್ನು ಕೇಳಿದರೆ, ಹಾಲು ಬೆರೆಸಿ ಕುಡಿಯುವ ನಮ್ಮ ರೊಬಸ್ಟಾಕ್ಕೆ ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರ್ ಏನೂ ಕಡಿಮೆಯಲ್ಲ. ನೀರು ಕುದಿದು ಇಳಿಸಿದ ಅರ್ಧ ನಿಮಿಷದ ನಂತರ ಹಾಕಿ, ಡಿಕಾಕ್ಷನ್ ತಾನಾಗಿ ಇಳಿಯಲು ಬಿಡಿ.

ಬರುವ ಕೊಯ್ಲಿನಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಕೆಂಪು ಹಣ್ಣನ್ನೇ ಆರಿಸಿದ ಐದು ಕಿಲೋ, ಸವರಿ ಕೊಯ್ದ ಐದು ಕಿಲೋ, ಎರಡನ್ನೂ ಬೇರೆ ಬೇರೆ ಒಣಗಿಸಿ ಒಂದೇ ಹದದಲ್ಲಿ ಹುರಿದು ಎರಡು ಲೋಟಗಳಲ್ಲಿ ಮನೆಮಂದಿಗೆ ಕೊಡಿ. ಯಾವುದು ಯಾವುದೆಂದು ಹೇಳಬೇಡಿ. ಮೊದಲಿನದೇ ಗೆದ್ದರೆ, ಆ ಬೀಜದ ಕಾಲು ಕಿಲೋ ಪೊಟ್ಟಣವನ್ನು ವ್ಯಾಪಾರಿಯ ಬಳಿಗೆ ಒಯ್ದು ಬೇರೆ ದರ ಕೇಳಿ.