ಸೆಂಟ್ರಲ್ ಮಾರ್ಕೆಟ್ ನಮ್ಮದು! ಬಲ್ಮಠದವರೇ, ಈಗಲಾದರೂ ಕೇಳಿ!

ಈ ಕಾಗದ ಮಡಚಿ ಜೇಬಿಗೆ ಹಾಕಬೇಡಿ. ಬಸ್ ಬರುವುದರೊಳಗೆ ಓದಿ ಮುಗಿಸಿ. ಇದು ಓಟಿನ ಕಾಗದ ಅಲ್ಲ. ಸಾಲ ಕೊಡುವವರ ಜಾಹೀರಾತೂ ಅಲ್ಲ. ಇದು ನಿಮ್ಮ ಅಡುಗೆಮನೆಯ ವಿಷಯ!

ಇವತ್ತು ಅಲಸಂಡೆಗೆ ಎಷ್ಟು ಕೊಟ್ಟಿರಿ? ತೊಂಡೆಕಾಯಿಗೆ? ಒಂದು ಕಟ್ಟು ಬಸಳೆಗೆ? ಎಲ್ಲಿಂದ ತಂದಿರಿ?

ಬಲ್ಮಠದಿಂದ ಲೈಟ್‌ಹೌಸ್ ಹಿಲ್ ರಸ್ತೆ ಇಳಿದರೆ ಹಂಪನಕಟ್ಟೆ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಸೆಂಟ್ರಲ್ ಮಾರ್ಕೆಟ್. ನಡೆದೇ ಹೋಗಿ ಬರುವ ದಾರಿ! ನಮ್ಮ ಅಮ್ಮಂದಿರು ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ಆಟೋಗೆ ಒಂದು ರೂಪಾಯಿ ಕೊಡದೆ, ವಾರದ ತರಕಾರಿ ತಂದ ಮಾರ್ಕೆಟ್ ಅದು. ಮೊಂತಿ ಫೆಸ್ತ್‌ಗೆ ಕಬ್ಬು ಅಲ್ಲಿಂದ. ಚೌತಿಗೆ ಹೂವು, ಬಾಳೆಹಣ್ಣು ಅಲ್ಲಿಂದ. ರಮ್ಜಾನಿಗೆ ಖರ್ಜೂರ, ಕಲ್ಲಂಗಡಿ ಅಲ್ಲಿಂದ. ಆಟಿಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಬೇಕಾದರೂ ಅಲ್ಲಿಗೇ ಹೋಗಬೇಕು. ಮಂಗಳೂರಿನ ಮೂರೂ ಧರ್ಮದವರು ಒಂದೇ ತಕ್ಕಡಿಯ ಮುಂದೆ ನಿಂತು ಒಂದೇ ದನಿಯಲ್ಲಿ ಚೌಕಾಶಿ ಮಾಡಿದ ಜಾಗ ಬೇರೆ ಎಲ್ಲಿ ಉಂಟು, ಹೇಳಿ?

ಆ ಜಾಗವನ್ನು ಯಾವಾಗ ಖಾಲಿ ಮಾಡಿಸಿದರು? ನೆನಪಿದೆಯಾ?

2020ರ ಏಪ್ರಿಲ್! ಕೊರೊನಾ ಲಾಕ್‌ಡೌನ್! ನಾವೆಲ್ಲ ಮನೆಯ ಬಾಗಿಲು ಹಾಕಿ ಕೂತಿದ್ದಾಗ! ಸಭೆ ಸೇರುವಂತಿಲ್ಲ, ಪ್ರತಿಭಟನೆ ಮಾಡುವಂತಿಲ್ಲ, ಗೇಟು ದಾಟಿದರೆ ಲಾಠಿ. ಅದೇ ಹೊತ್ತಿಗೆ ಪಾಲಿಕೆಯ ಆದೇಶ ಬಂತು. ಮಾರ್ಕೆಟ್ ಬಂದ್! ಕಟ್ಟಡ ಕೆಡವುತ್ತೇವೆ! ಸಗಟು ವ್ಯಾಪಾರಿಗಳೆಲ್ಲ ಬೈಕಂಪಾಡಿಯ ಎಪಿಎಂಸಿ ಯಾರ್ಡ್‌ಗೆ ಹೊರಡಿ! ವ್ಯಾಪಾರಿಗಳು ಹೈಕೋರ್ಟ್‌ಗೆ ಹೋದರು. ಆದರೂ ಕೊನೆಗೆ ಕಟ್ಟಡ ನೆಲಸಮವಾಯಿತು.

ಹಳೆಯ ಕಟ್ಟಡ ಸೋರುತ್ತಿತ್ತು, ನಾರುತ್ತಿತ್ತು. ಹೌದು! ನಮಗೂ ಮೂಗು ಉಂಟು ಮಾರಾಯ್ರೆ. ಹೊಸ ಕಟ್ಟಡ ಬೇಡ ಎಂದು ನಾವು ಯಾವತ್ತೂ ಹೇಳಿಲ್ಲ. ಆದರೆ ಕಟ್ಟಡ ಹಳೆಯದಾದರೆ ಅದರೊಳಗಿನ ಮನುಷ್ಯರನ್ನೂ ಕಸದ ಲಾರಿಗೆ ಹಾಕುವುದಾ?

ಪೆಟ್ಟು ಯಾರಿಗೆ ಬಿತ್ತು ನೋಡಿ.

ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಬಂದು ಬೆಳಕು ಹರಿಯುವ ಮೊದಲೇ ಲಾರಿಯಿಂದ ಮೂಟೆ ಇಳಿಸುತ್ತಿದ್ದವರಿಗೆ. ಅವರ ಕೂಲಿ ಮೂಟೆಯ ಲೆಕ್ಕ. ಮೂಟೆ ಇಲ್ಲದ ದಿನ ಊಟವೂ ಇಲ್ಲ. ಹೆಗಲ ಮೇಲಿನ ಗೋಣಿಯೇ ಅವರ ಗುರುತಿನ ಚೀಟಿ. ಪರಿಹಾರದ ಪಟ್ಟಿಯಲ್ಲಿ ಆ ಗೋಣಿಗೆ ಜಾಗ ಎಲ್ಲಿ?

ಅಂಗಡಿಯ ಮೂಲೆಯಲ್ಲಿ ಎರಡು ಬುಟ್ಟಿ ಇಟ್ಟು ಲಿಂಬೆ, ಶುಂಠಿ, ಕೊತ್ತಂಬರಿ ಸೊಪ್ಪು ಮಾರುತ್ತಿದ್ದ ಅಕ್ಕಂದಿರಿಗೆ. ಅವರ ಹೆಸರಲ್ಲಿ ಲೈಸೆನ್ಸ್ ಇಲ್ಲ, ಬಾಡಿಗೆ ಚೀಟಿ ಇಲ್ಲ. ಮಾರ್ಕೆಟ್ ಇದ್ದಾಗ ಇದ್ದರು. ಮಾರ್ಕೆಟ್ ಹೋಯಿತು, ಅವರೂ ಹೋದರು. ಎಲ್ಲಿಗೆ ಹೋದರು ಎಂದು ಯಾರು ಕೇಳಿದರು?

ಮತ್ತೆ ನಿಮಗೆ! ನಮಗೆ! ಬೈಕಂಪಾಡಿ ಎಂದರೆ ಇಲ್ಲಿಂದ ಹತ್ತು ಕಿಲೋಮೀಟರಿಗೂ ಆಚೆ, ಪಣಂಬೂರು ಬಂದರನ್ನೂ ದಾಟಿ. ಬಲ್ಮಠದ ಸಣ್ಣ ಹೋಟೆಲಿನವರು, ಹಾಸ್ಟೆಲಿನ ಅಡುಗೆಯವರು ಹಿಂದೆ ಸ್ಕೂಟರಿನಲ್ಲಿ ಹೋಗಿ ತರುತ್ತಿದ್ದ ತರಕಾರಿಗೆ ಈಗ ಗೂಡ್ಸ್ ಟೆಂಪೋ ಬಾಡಿಗೆ ಕೊಡಬೇಕು. ಆ ಬಾಡಿಗೆ ಯಾರು ಕಟ್ಟುತ್ತಾರೆ? ನಿಮ್ಮ ತಟ್ಟೆಯ ಪಲ್ಯ ಕಟ್ಟುತ್ತದೆ!

ಕೆಡವಿದ ಜಾಗದಲ್ಲಿ ಈಗ ಏಳುವುದು ಏನು? 114 ಕೋಟಿ ರೂಪಾಯಿಯ ಯೋಜನೆ. ಸ್ಮಾರ್ಟ್ ಸಿಟಿ ಹೆಸರು. ಸರಕಾರಿ-ಖಾಸಗಿ ಸಹಭಾಗಿತ್ವ, ಅಂದರೆ ಜಾಗ ನಮ್ಮದು, ಹಣ ಹಾಕುವವರು ಖಾಸಗಿಯವರು, ವರ್ಷಗಟ್ಟಲೆ ಆದಾಯ ಎತ್ತುವವರೂ ಅವರೇ. ತರಕಾರಿ, ಹಣ್ಣು, ಪಾರ್ಕಿಂಗ್, ವಾಣಿಜ್ಯ ಮಳಿಗೆ, ಎಲ್ಲ ಒಂದೇ ಕಟ್ಟಡದಲ್ಲಂತೆ. ಹಣ ಹಾಕಿದವರಿಗೆ ಲಾಭ ಬೇಕು. ಲಾಭ ಬಸಳೆಯಿಂದ ಬರುತ್ತದಾ, ಬ್ರಾಂಡೆಡ್ ಶೋರೂಮಿನಿಂದ ಬರುತ್ತದಾ? ಇದಕ್ಕೆ ಲೆಕ್ಕದ ಮೇಷ್ಟ್ರು ಬೇಕಿಲ್ಲ!

ಹಳೆಯ ವ್ಯಾಪಾರಿಗಳಿಗೆ ಎಷ್ಟು ಅಂಗಡಿ? ನೆಲಮಹಡಿಯಲ್ಲಾ, ಮೂರನೇ ಮಹಡಿಯಲ್ಲಾ? ಡೆಪಾಸಿಟ್ ಎಷ್ಟು? ಬಾಡಿಗೆ ಎಷ್ಟು? ಬುಟ್ಟಿ ಇಟ್ಟು ಕೂರುವವರಿಗೆ ಜಾಗ ಉಂಟಾ? ಚೀಲ ಹಿಡಿದು ನಡೆದು ಬರುವ ಅಜ್ಜಿಗೆ ಬಾಗಿಲು ಎಲ್ಲಿ, ಕಾರಿಗೆ ಬಾಗಿಲು ಎಲ್ಲಿ? ನಿಮಗೆ ಯಾರಾದರೂ ಹೇಳಿದರಾ? ನಮಗಂತೂ ಹೇಳಿಲ್ಲ!

ಉರ್ವ ಮಾರ್ಕೆಟ್ ನೋಡಿ ಬನ್ನಿ. ಕೋಟಿಗಟ್ಟಲೆ ಸುರಿದು ಕಟ್ಟಿದರು. ಕಟ್ಟಿ ಮುಗಿದ ಮೇಲೂ ವರ್ಷಗಟ್ಟಲೆ ಖಾಲಿ ಬಿದ್ದಿತ್ತು! ಯಾಕೆ? ಮೀನು ಮಾರುವವರನ್ನು, ತರಕಾರಿ ಮಾರುವವರನ್ನು ಕೂರಿಸಿ ಕೇಳದೆ ಕಟ್ಟಿದರೆ ಇನ್ನೇನಾಗುತ್ತದೆ? ಹಂಪನಕಟ್ಟೆಯ ಹಳೆ ಬಸ್ ನಿಲ್ದಾಣದ ಜಾಗಕ್ಕೂ ಹೋಗಿ. ಬಹುಮಹಡಿ ಪಾರ್ಕಿಂಗ್ ಎಂದರು. ಗುಂಡಿ ತೋಡಿದರು. ಮಳೆಗಾಲದ ಮೇಲೆ ಮಳೆಗಾಲ ಹೋಯಿತು, ಗುಂಡಿಯಲ್ಲಿ ನೀರು ತುಂಬಿದ್ದೊಂದೇ ಕೆಲಸ!

ಜಾಗ ಕಳೆದುಕೊಂಡವರು ಏನು ಮಾಡಬೇಕು? ರಸ್ತೆಗೆ ಬಂದರು. ರಸ್ತೆಗೆ ಬಂದವರ ಮೇಲೆ 2024ರ ಮಳೆಗಾಲದಲ್ಲಿ ಪಾಲಿಕೆಯ ‘ಟೈಗರ್ ಕಾರ್ಯಾಚರಣೆ’! ಹೆಸರೇ ನೋಡಿ. ಹುಲಿ ಬಂದದ್ದು ಯಾರ ಮೇಲೆ? ಗೋಣಿ ಹಾಸಿ ಹರಿವೆ ಸೊಪ್ಪು ಮಾರುವವರ ಮೇಲೆ!

ನೀವೂ ನೋಡಿರುತ್ತೀರಿ. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ನೀರು ಚಿಮುಕಿಸಿದ ಸೊಪ್ಪಿನ ಮುಂದೆ ಕೂತ ಹೆಂಗಸು. ಪಾಲಿಕೆಯ ಲಾರಿ ತಿರುವಿನಲ್ಲಿ ಕಂಡರೆ ಸಾಕು, ಗೋಣಿಯ ನಾಲ್ಕು ಮೂಲೆ ಒಟ್ಟಿಗೆ ಹಿಡಿದು ಎದ್ದು ಓಡಬೇಕು. ಚಿಲ್ಲರೆ ಡಬ್ಬಿ ಉರುಳಿ ಹೋಗುತ್ತದೆ. ನಾವು ಬಸ್‌ಸ್ಟಾಪಿನಲ್ಲಿ ನಿಂತು ನೋಡುತ್ತೇವೆ. ಮರುದಿನ ಅವಳಲ್ಲೇ ಹತ್ತು ರೂಪಾಯಿ ಕಡಿಮೆ ಮಾಡು ಎನ್ನುತ್ತೇವೆ!

ಕಾನೂನು ಇಲ್ಲವಾ? ಉಂಟು! 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಜಾಗ ಬದಲಿಸುವುದಿದ್ದರೂ 30 ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಕಾಗದದಲ್ಲಿ ಎಲ್ಲ ಉಂಟು. ರಸ್ತೆಯಲ್ಲಿ ಲಾರಿ ಉಂಟು.

ಬಲ್ಮಠದಲ್ಲಿ ನಮ್ಮದೇನು ಹೋಗುತ್ತದೆ ಎನ್ನುತ್ತೀರಾ? ಇಲ್ಲಿ ಹಗಲಿಡೀ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗಿಯರೇ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿದ ದಾದಿಯರೇ, ಆಟೋ ಪಾರ್ಕಿನ ಅಣ್ಣಂದಿರೇ, ಎಸಿ ಮಾರ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಸೌತೆ ಕೊಳ್ಳುವ ಸಂಬಳ ನಿಮಗೆ ಬರುತ್ತದಾ? ಮಾರ್ಕೆಟ್ ಹೋದರೆ ಮೊದಲು ನಮ್ಮ ಚೀಲ ಹಗುರವಾಗುತ್ತದೆ!

ಈಗ ಮಾಡುವ ಕೆಲಸ ಕೇಳಿ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಲಾಲ್‌ಬಾಗ್‌ನ ಮಹಾನಗರ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಬರೆಯಿರಿ, ಕನ್ನಡದಲ್ಲೇ. ಸೆಂಟ್ರಲ್ ಮಾರ್ಕೆಟ್ ಒಪ್ಪಂದದ ಪ್ರತಿ ಕೇಳಿ. ಖಾಸಗಿಯವರ ಕೈಯಲ್ಲಿ ಮಾರ್ಕೆಟ್ ಎಷ್ಟು ವರ್ಷ ಇರುತ್ತದೆ ಎಂದು ಕೇಳಿ. ಹಳೆಯ ವ್ಯಾಪಾರಿಗಳ ಪಟ್ಟಿ, ಅವರಿಗೆ ಮೀಸಲಿಟ್ಟ ಅಂಗಡಿ, ಬಾಡಿಗೆ ದರ ಕೇಳಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಲೇಬೇಕು!

ಒಬ್ಬರು ಬರೆದರೆ ಫೈಲಿನಡಿ ಹೋಗುತ್ತದೆ. ಬಲ್ಮಠ, ಜ್ಯೋತಿ, ಬಾವುಟಗುಡ್ಡೆಯ ಮನೆಮನೆಯಿಂದ ಹೋದರೆ ಮೇಜು ಸಾಲದು! ಬರೆಯಲು ಬಾರದ ಅಕ್ಕ ಪಕ್ಕದಲ್ಲಿದ್ದರೆ ನೀವು ಬರೆದುಕೊಡಿ. ಓಟು ಕೇಳಲು ಬರುವವರಲ್ಲಿ, ಯಾವ ಪಕ್ಷವಾದರೂ ಸರಿ, ಮೊದಲು ಒಂದೇ ಪ್ರಶ್ನೆ ಕೇಳಿ: ನೆಲಮಹಡಿ ತರಕಾರಿಗಾ, ಶೋರೂಮಿಗಾ?

ಓದಿ ಆಯಿತಲ್ಲ? ಈ ಕಾಗದ ಬಿಸಾಡಬೇಡಿ. ಪಕ್ಕದ ಸೀಟಿನವರಿಗೆ ಕೊಡಿ. ನಾಳೆಯೇ ಅರ್ಜಿ ಹಾಕಿ!

ಇಂತಿ,
ಸೆಂಟ್ರಲ್ ಮಾರ್ಕೆಟನ್ನು ನಂಬಿ ಬದುಕಿದವರು ಮತ್ತು ಉಂಡವರು