ಬೆಂಗಳೂರಿನಲ್ಲಿ ದಾರಿ ಹಿಡಿಯುವ ಬಗೆ

ಬಾಡಿಗೆಯ ಮೋಟಾರನ್ನು ಗೊತ್ತುಮಾಡದೆ, ಮಗನನ್ನೋ ಅಳಿಯನನ್ನೋ ಕಾದು ಕುಳಿತಿರದೆ, ವಯಸ್ಸಾದವರು ತಾವಾಗಿಯೇ ಬೆಂಗಳೂರಿಗೆ ಹೋಗಿ ಕೆಲಸ ತೀರಿಸಿಕೊಂಡು ಬರಲು ಸಾಧ್ಯವೇ ಎಂದು ವಾಚಕರೊಬ್ಬರು ಕೇಳಿರುವರು. ಸಾಧ್ಯವುಂಟು. ಆದರೆ ಹೀಗೆ ಹೇಳುವ ಧೈರ್ಯವು ನಮಗೆ ಮೊದಲಿನಿಂದ ಇದ್ದುದಲ್ಲ.

2023ರ ಕೊನೆಯಲ್ಲಿ ನಮ್ಮ ಸಹಧರ್ಮಿಣಿಗೆ ಸಕ್ಕರೆಯ ಕಾಯಿಲೆಯಿಂದ ಕಣ್ಣಿನ ಒಳಪದರವು ಕೆಟ್ಟು, ತಿಂಗಳಿಗೊಮ್ಮೆ ಜಯನಗರದ ವೈದ್ಯರೊಬ್ಬರಲ್ಲಿ ಕಣ್ಣಿಗೆ ಸೂಜಿಮದ್ದು ಹಾಕಿಸಬೇಕಾಯಿತು. ನಮ್ಮ ವಾಸ ತುಮಕೂರು, ಮಗನಿರುವುದು ಪರದೇಶದಲ್ಲಿ. ಮೊದಲನೆಯ ಸಲ ರೈಲಿನಲ್ಲಿ ಕಡೆಯ ನಿಲ್ದಾಣದವರೆಗೂ ಹೋಗಿ ಮೆಜೆಸ್ಟಿಕ್ಕಿನ ಜನಸಂದಣಿಯಲ್ಲಿ ಸಿಕ್ಕಿಕೊಂಡೆವು. ಅದು ಹಿಂದೆ ಧರ್ಮಾಂಬುಧಿಯೆಂಬ ಕೆರೆಯಿದ್ದ ತಾಣ. ನೀರು ಹೋಗಿ ಜನ ತುಂಬಿರುವುದರಿಂದ ಅಂಬುಧಿಯೆಂಬ ಹೆಸರಿಗೆ ಲೋಪವೇನೂ ಬಂದಿಲ್ಲ. ಅಲ್ಲಿಂದ ಹತ್ತಿದ ಆಟೋರಿಕ್ಷಾದವನು ಊರೆಲ್ಲ ಸುತ್ತಿಸಿ, ಕೇಳಬಾರದಷ್ಟು ಹಣ ಕೇಳಿದನು. ಆ ರಾತ್ರಿ ಮನೆಗೆ ಬಂದಮೇಲೆ ಆಕೆ, "ಇನ್ನು ಹೋಗುವುದು ಬೇಡ, ಉಳಿದಷ್ಟು ಕಣ್ಣೇ ಸಾಕು" ಎಂದಳು. ನಮಗೆ ನಿದ್ರೆ ಬರಲಿಲ್ಲ.

ಉಪಾಯವನ್ನು ತೋರಿಸಿಕೊಟ್ಟವನು ನಮ್ಮ ಹಳೆಯ ಶಿಷ್ಯನೊಬ್ಬನು. "ಮೇಷ್ಟ್ರೇ, ಮೆಜೆಸ್ಟಿಕ್ಕಿನವರೆಗೆ ಏಕೆ ಹೋಗುತ್ತೀರಿ? ಯಶವಂತಪುರದಲ್ಲಿಯೇ ಇಳಿಯಿರಿ" ಎಂದನು. ಮಾರ್ಗವೆಂಬ ಮಾತಿನ ಧಾತುವಿಗೆ ಹುಡುಕುವುದೆಂದೇ ಅರ್ಥವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು, ಹೊರಡುವ ಮುನ್ನ ಒಬ್ಬರನ್ನಾದರೂ ದಾರಿ ಕೇಳಿರಲಿಲ್ಲ!

ಸಂಗತಿ ಇಷ್ಟೆ. ತುಮಕೂರಿನ ಕಡೆಯಿಂದ ಬರುವ ರೈಲಿಗೆ ಯಶವಂತಪುರವು ಮೊದಲು ಸಿಕ್ಕುವುದು. ಅದರ ಸಮೀಪದಲ್ಲಿಯೇ ಮೆಟ್ರೋದ ಹಸಿರು ಮಾರ್ಗದ ನಿಲ್ದಾಣವಿರುವುದು. 2017ರ ಜೂನ್ ತಿಂಗಳಲ್ಲಿ ಸಂಪಿಗೆ ರಸ್ತೆಯಿಂದ ದಕ್ಷಿಣದ ಭಾಗವೂ ತೆರೆದಮೇಲೆ ಅಲ್ಲಿಂದ ಜಯನಗರಕ್ಕೆ ಎಲ್ಲಿಯೂ ಗಾಡಿ ಬದಲಾಯಿಸಬೇಕಾಗಿಲ್ಲ. ಬಸ್ಸಿನಲ್ಲಿ ಬರುವವರು ಗೊರಗುಂಟೆಪಾಳ್ಯದಲ್ಲಿ ಇಳಿದು ಇದೇ ಮಾರ್ಗವನ್ನು ಹಿಡಿಯಬಹುದು. ವೈಟ್‌ಫೀಲ್ಡಿನ ಕಡೆಗೆ ಹೋಗಬೇಕಾದವರು ಮಾತ್ರ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸತಕ್ಕದ್ದು. ಮೊದಲನೆಯ ಡಬ್ಬಿಯು ಸ್ತ್ರೀಯರಿಗೆ ಮೀಸಲಾದುದರಿಂದ ದಂಪತಿಗಳು ಅಗಲಬಾರದೆಂದರೆ ಅದನ್ನು ಬಿಟ್ಟು ಹತ್ತಬೇಕು. ಬೆಳಗಿನ ಕಚೇರಿಯ ಹೊತ್ತನ್ನೂ ಸಂಜೆಯ ಹೊತ್ತನ್ನೂ ತಪ್ಪಿಸುವುದು ಮೇಲು. 2025ರ ಫೆಬ್ರವರಿಯಲ್ಲಿ ದರವನ್ನು ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು. ಬಡ ಗೃಹಸ್ಥನಿಗೆ ಇದು ಹೊರೆಯೆಂದೇ ನಮ್ಮ ಅಭಿಪ್ರಾಯ. ಬಸ್ಸಿನ ಮಾತು ಬೇರೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸ್ತ್ರೀಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಷ್ಟೆ. ಗುರುತಿನ ಚೀಟಿ ತೋರಿಸಿ ಶೂನ್ಯದರದ ಟಿಕೀಟು ಪಡೆದು, ನಾವು ಚಿಲ್ಲರೆಗಾಗಿ ತಡಕಾಡುವುದನ್ನು ಕೇಳುತ್ತ ನಗುವುದು ನಮ್ಮಾಕೆಗೆ ವಾಡಿಕೆಯಾಯಿತು.

ಮದ್ದು ಹಾಕಿಸಿದ ದಿನ ಒಂದು ಕಣ್ಣಿಗೆ ಪಟ್ಟಿ. ಮತ್ತೊಂದು ಕಣ್ಣು ಮೊದಲೇ ಮಸುಕು. ಹಿಂದಿರುಗುವಾಗ ಆಕೆ ಗಾಡಿಯಲ್ಲಿ ಕಿವಿಗೊಟ್ಟು ಕುಳಿತಿರುವಳು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಎಡಕ್ಕೆ ತೆರೆಯುವುದೋ ಬಲಕ್ಕೋ ಎಂಬುದನ್ನು ಅಚ್ಚಗನ್ನಡದಲ್ಲಿ ಹೇಳುವ ಸ್ತ್ರೀಕಂಠವೊಂದು ಅಲ್ಲಿತ್ತು. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಒಂದು ತಪ್ಪನ್ನೂ ನಾವು ಹಿಡಿಯಲಾಗಲಿಲ್ಲ. ನಾಲ್ಕನೆಯ ಪ್ರಯಾಣದ ಹೊತ್ತಿಗೆ ನಮ್ಮಾಕೆಗೆ ಲಾಲ್‌ಬಾಗು, ನ್ಯಾಷನಲ್ ಕಾಲೇಜು, ಮಾರುಕಟ್ಟೆ, ಚಿಕ್ಕಪೇಟೆಗಳೆಲ್ಲ ಕ್ರಮವಾಗಿ ಬಾಯಿಗೆ ಬಂದಿದ್ದವು. ಜಯನಗರದಿಂದ ಯಶವಂತಪುರವು ಹದಿಮೂರನೆಯದು. ಗಾಡಿಯು ಸುರಂಗವನ್ನು ಹೊಕ್ಕುದನ್ನೂ ಅದರಿಂದ ಹೊರಬಿದ್ದುದನ್ನೂ ಸದ್ದಿನಿಂದಲೇ ಹೇಳುವಳು. ಅಲ್ಲಿಯವರೆಗೆ ನಮ್ಮ ಮೊಣಕೈಯನ್ನು ಬಿಡದಿದ್ದವಳು ಅಂದು ಬಿಟ್ಟು ಕುಳಿತಳು.

ಆ ಕಂಠ ಪ್ರಸಿದ್ಧ ನಿರೂಪಕಿ ಅಪರ್ಣಾ ಅವರದು. 2024ರ ಜುಲೈ 11ರಂದು ಅವರು ತೀರಿಕೊಂಡರು. ಮರುದಿನ ವೃತ್ತಪತ್ರಿಕೆಯನ್ನು ಓದಿ ಹೇಳುವಾಗ ಈ ಸುದ್ದಿಯನ್ನು ಬಿಟ್ಟುಬಿಡಲೇ ಎಂದು ಯೋಚಿಸಿದೆವು, ಬಿಡಲಿಲ್ಲ. ಆಕೆ ಎದ್ದು ಒಳಗೆ ಹೋದಳು.

ಆಗಸ್ಟಿನಲ್ಲಿ ಮತ್ತೆ ಹೋದೆವು. ಜಯನಗರದಲ್ಲಿ ಹತ್ತಿದೊಡನೆ ಅದೇ ಕಂಠ. ನಮ್ಮಾಕೆ ಸೆರಗನ್ನು ಸರಿಪಡಿಸಿಕೊಂಡು, ದೊಡ್ಡವರು ಮಾತನಾಡುವಾಗ ಕುಳಿತಿರುವಂತೆ ಕುಳಿತಳು. ಈ ಸಲ ನಿಲ್ದಾಣಗಳನ್ನು ಎಣಿಸಲಿಲ್ಲ. ಯಶವಂತಪುರವೆಂದು ಕೇಳಿಬಂದಾಗ ನಾವು ಕೈ ನೀಡುವುದಕ್ಕೆ ಮುಂಚೆಯೇ ಎದ್ದು, ಬಾಗಿಲು ಯಾವ ಕಡೆಯದೋ ಆ ಕಡೆಗೆ ತಿರುಗಿ ನಿಂತಳು. ತುಮಕೂರಿನ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಇಬ್ಬರೂ ಒಂದೊಂದು ಲೋಟ ಕಾಫಿ ತೆಗೆದುಕೊಂಡೆವು.