ಈಜುಕೊಳ, ಕಾಗೆ ಮತ್ತು ಒಂದು ತಾಮ್ರದ ತಂತಿ

ವಿದ್ಯುತ್ ತಂತಿಯ ಮೇಲೆ ಕುಳಿತ ಕಾಗೆಗೆ ಶಾಕ್ ಹೊಡೆಯುವುದಿಲ್ಲ, ಏಕೆ? ತರಗತಿಯಲ್ಲಿ ಹೀಗೆ ಕೇಳಿದರೆ ‘ಅದರ ಕಾಲು ನೆಲಕ್ಕೆ ತಾಗಿಲ್ಲ ಸಾರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಕಾಗೆಯ ಎರಡೂ ಕಾಲುಗಳು ಒಂದೇ ತಂತಿಯ ಮೇಲಿವೆ. ಅವುಗಳ ನಡುವೆ ವಿಭವಾಂತರ ಇಲ್ಲವೆನ್ನುವಷ್ಟು ಕಡಿಮೆ. ವಿಭವಾಂತರ ಇಲ್ಲದ ಕಡೆ ವಿದ್ಯುತ್ ಹರಿಯುವುದಿಲ್ಲ. ಅದೇ ಕಾಗೆ ರೆಕ್ಕೆ ಚಾಚಿ ಪಕ್ಕದ ತಂತಿಯನ್ನು ಮುಟ್ಟಿದರೆ, ನೆಲಕ್ಕೆ ತಾಗದಿದ್ದರೂ ಸತ್ತು ಬೀಳುತ್ತದೆ. ಈಜುಕೊಳದ ಸುರಕ್ಷತೆ ನಿಂತಿರುವುದು ಇದೇ ತತ್ತ್ವದ ಮೇಲೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ, ಮಲೆನಾಡಿನ ಹೋಂಸ್ಟೇಗಳಲ್ಲಿ, ಕೆಲವು ತೋಟದ ಮನೆಗಳಲ್ಲಿ ಕೂಡ ಈಜುಕೊಳಗಳಿವೆ. ಕೊಳದ ಜೊತೆಗೇ ನೀರು ಸೋಸುವ ಪಂಪು, ನೀರೊಳಗಿನ ದೀಪ, ಹತ್ತಿ ಇಳಿಯಲು ಲೋಹದ ಏಣಿ ಇರುತ್ತವೆ.

ಪಂಪಿನೊಳಗಿನ ತಂತಿಯ ಹೊದಿಕೆ ಸವೆದು ಅದರ ಲೋಹದ ಮೈಗೆ ವಿದ್ಯುತ್ ಸೋರಿತೆನ್ನಿ. ‘ಅರ್ತ್ ಮಾಡಿಸಿದ್ದೇವಲ್ಲ’ ಎಂದು ಮನೆಯವರು ಹೇಳಬಹುದು. ಓಮ್ ನಿಯಮವನ್ನು ಹಚ್ಚಿ ನೋಡೋಣ. ಅರ್ತ್ ದಾರಿಯ ರೋಧ 2 ಓಮ್, ಸೋರುವ ಪ್ರವಾಹ 20 ಆಂಪಿಯರ್ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 40 ವೋಲ್ಟ್. ಅಂದರೆ ಅರ್ತ್ ಇದ್ದೂ ಪಂಪಿನ ಮೈ, ಅದನ್ನು ತಾಗಿದ ನೀರು 40 ವೋಲ್ಟ್‌ಗೆ ಏರಬಹುದು. ಬೇರೆ ಕಡೆ ನೆಲಕ್ಕೆ ಹೂತ ಏಣಿ ಮಾತ್ರ ಸೊನ್ನೆಯಲ್ಲೇ ಇರುತ್ತದೆ.

ನೀರಿನಲ್ಲಿರುವ ಮಗು ಏಣಿಯನ್ನು ಹಿಡಿಯುತ್ತದೆ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ನೆನೆದ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯುತ್ತದೆ. ಆ 40 ವೋಲ್ಟ್ ಪೂರ್ತಿಯಾಗಿ ಮೈಮೇಲೆ ಬಿದ್ದರೆ 40 ಮಿಲಿಆಂಪಿಯರ್ ಹರಿಯುತ್ತದೆ. ಸುಮಾರು 10 ಮಿಲಿಆಂಪಿಯರ್‌ಗೇ ಸ್ನಾಯುಗಳು ಸೆಟೆದು, ಹಿಡಿದ ಕೈ ಬಿಡಲಾಗದು. ನೀರಿನಲ್ಲಿ ಕೈಕಾಲು ಆಡದಿದ್ದರೆ ಈಜು ಬಲ್ಲವರೂ ಮುಳುಗುತ್ತಾರೆ.

ಇದಕ್ಕೆ ಪರಿಹಾರವೇ ಬಾಂಡಿಂಗ್. ಪಂಪಿನ ಮೈ, ಏಣಿ, ಕೈಹಿಡಿ, ದೀಪದ ಲೋಹದ ಕವಚ, ಕೊಳದ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು ಇವೆಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸುವುದು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 680ನೇ ವಿಧಿ ಇದನ್ನು ಕಡ್ಡಾಯ ಮಾಡಿದೆ. ತಂತಿ ಮೂರು ಮಿಲಿಮೀಟರಿಗಿಂತ ತೆಳ್ಳಗಿರುವಂತಿಲ್ಲ. ಹೀಗೆ ಜೋಡಿಸಿದರೆ ಸೋರಿಕೆಯಾದಾಗ ಎಲ್ಲವೂ ಒಟ್ಟಿಗೇ 40 ವೋಲ್ಟ್‌ಗೆ ಏರುತ್ತವೆ. ನೀರಿಗೂ ಏಣಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮಗು ತಂತಿಯ ಮೇಲಿನ ಕಾಗೆಯಷ್ಟೇ ಕ್ಷೇಮ.

ಹಾಗೆಂದು ಬಾಂಡಿಂಗ್ ಇದ್ದರೆ ಅರ್ತ್ ಬೇಡವೆಂದಲ್ಲ. ಸೋರಿದ ವಿದ್ಯುತ್ತಿಗೆ ದಾರಿ ಕೊಟ್ಟು ಫ್ಯೂಸ್ ಹೋಗುವಂತೆ ಮಾಡುವುದು ಅರ್ತ್‌ನ ಕೆಲಸ. ವಿಭವವನ್ನು ಸಮ ಮಾಡುವುದು ಬಾಂಡಿಂಗ್‌ನ ಕೆಲಸ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ವಿದ್ಯುತ್ ಕಡಿಯುವುದು ಆರ್‌ಸಿಸಿಬಿಯ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡದು, ಮೂರೂ ಬೇಕು.

ಪಾಲಕರೇ, ಮಕ್ಕಳನ್ನು ನೀರಿಗೆ ಇಳಿಸುವ ಮುನ್ನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ವಿದ್ಯುತ್ ಹೋಗುತ್ತದೆಯೇ ಎಂದು ಕೊಳದವರನ್ನು ಕೇಳಿ. ನೀರೊಳಗಿನ ದೀಪ 12 ವೋಲ್ಟ್‌ನದೇ, ಪಂಪಿನ ತಾಮ್ರದ ತಂತಿ ಸಡಿಲವಾಗಿಲ್ಲವೇ ಎಂದೂ ವಿಚಾರಿಸಿ. ಕೇಳಲು ಸಂಕೋಚ ಬೇಡ. ಕೊಳದ ದಂಡೆಗೆ ಎಕ್ಸ್‌ಟೆನ್ಷನ್ ಬೋರ್ಡ್ ತರಲೇಬಾರದು.

ಮಕ್ಕಳೇ, ನೀರಿನಲ್ಲಿ ಮೈ ಜುಮ್ ಎಂದರೆ ಅದನ್ನು ಆಟವೆಂದುಕೊಳ್ಳಬೇಡಿ. ಲೋಹದ ಏಣಿ ಮುಟ್ಟದೆ ಆಚೆ ಬಂದು ದೊಡ್ಡವರಿಗೆ ತಿಳಿಸಿ. ಯಾರಾದರೂ ನೀರಿನಲ್ಲಿ ಸೆಟೆದು ನಿಂತದ್ದು ಕಂಡರೆ ಹಾರಿ ಹಿಡಿಯಲು ಹೋಗಬೇಡಿ. ಮೊದಲು ಮೇನ್ ಸ್ವಿಚ್ ಆರಿಸಬೇಕು, ಆಮೇಲೆ ಎತ್ತಬೇಕು. ಆದ್ದರಿಂದ ಹೊಸ ಕೊಳಕ್ಕೆ ಹೋದಾಗ ಮೇನ್ ಸ್ವಿಚ್ ಎಲ್ಲಿದೆ ಎಂದು ಮೊದಲೇ ನೋಡಿಕೊಂಡಿರಿ.